ಸಿಯೆನಾದ ಸಂದಿಯಲ್ಲಿ ತಿರುಮಲೇಶ

ಆ ದಿನದ ಅನಾಹುತಗಳಿಗೆಲ್ಲ ಮೂಲ ಮಲ್ಲಮ್ಮನವರ ಎಡ ಮೊಣಕಾಲು. ಅದು ಆ ಬೆಳಿಗ್ಗೆ ನೋಯದೇ ಇದ್ದಿದ್ದರೆ, ಅಥವಾ ಅವರ ಬಲ ಮೊಣಕಾಲಿನ ಹಾಗೆ ಯಾರಿಗೂ ಹೇಳದೆ ನೋಯುತ್ತಿದ್ದರೆ, ತಿರುಮಲೇಶ ಇಟಲಿಯ ಸಿಯೆನಾ ಎಂಬ ಹಳೆಯ ಊರಿನ ಒಂದು ಸಂದಿಯಲ್ಲಿ, ಬಾಟಲಿಯ ಕುತ್ತಿಗೆಗೆ ಸಿಕ್ಕ ಬಿರಡೆಯಂತೆ ಬಾಡಿಗೆ ಕಾರಿನೊಳಗೆ ಕೂತಿರಬೇಕಾಗಿರಲಿಲ್ಲ.

ತಿರುಮಲೇಶ ಹುಟ್ಟಿದ್ದು ಮೈಸೂರಿನಲ್ಲಿ. ಈಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಮನೆ, ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಕೆಲಸ. ಕಾರು ಹಿಂದಕ್ಕೆ ತೆಗೆಯುವಾಗ ಗೋಡೆ ಹತ್ತಿರ ಬಂದರೆ ಕುಂಯ್ ಕುಂಯ್ ಎಂದು ಎಚ್ಚರಿಸುವ ಸೆನ್ಸರ್ ಇರುತ್ತದಲ್ಲ, ಆ ವಿಭಾಗಕ್ಕೆ ಅವನೇ ಮುಖ್ಯಸ್ಥ. ಜಗತ್ತಿನ ಯಾವ ಕಾರೂ ಯಾವ ಗೋಡೆಗೂ ತಾಗಬಾರದು ಎಂಬ ಒಂದೇ ಗುರಿಗೆ ತಲೆಕೂದಲನ್ನು ಅರ್ಪಿಸಿಕೊಂಡಿದ್ದ ಮನುಷ್ಯ.

ಅವನ ಹೆಂಡತಿ ಸರಳಾಗೆ ರಂಗೋಲಿಯ ಹುಚ್ಚು. ಹಬ್ಬ ಬಂತೆಂದರೆ ಶಿಕಾಗೋ ಕಡೆಯ ಲೆಮಾಂಟ್ ದೇವಸ್ಥಾನದಿಂದ ಅವಳಿಗೆ ಫೋನು ಬರುತ್ತಿತ್ತು. ಮುನ್ನೂರು ಮೈಲಿ ಡ್ರೈವ್ ಮಾಡಿಸಿಕೊಂಡು ಹೋಗಿ, ಸೊಂಟ ಬೀಳುವ ತನಕ ಬಗ್ಗಿ ಸಭಾಂಗಣದ ತುಂಬ ಅವಳು ಹಾಕಿದ ರಂಗೋಲಿ ಮಹಾಮಂಗಳಾರತಿಯ ನೂಕುನುಗ್ಗಲಲ್ಲಿ ನೂರಾರು ಜನರ ಕಾಲಿಗೆ ಅಂಟಿಕೊಂಡು ಪಾರ್ಕಿಂಗ್ ಲಾಟ್ ಸೇರುತ್ತಿತ್ತು. ಹೀಗಿರುವಾಗ ಯಾವತ್ತೋ ಅವಳು ಸಿಯೆನಾದ ದೊಡ್ಡ ಚರ್ಚಿನ ಚಿತ್ರ ನೋಡಿದಳು. ಅಲ್ಲಿ ಗೋಡೆಗಿಂತ ನೆಲಕ್ಕೇ ಹೆಸರು. ಬಣ್ಣಬಣ್ಣದ ಅಮೃತಶಿಲೆಯನ್ನು ಕೊರೆದು ಕೂರಿಸಿ ನೆಲದ ತುಂಬ ಚಿತ್ರ ಬರೆದಿದ್ದಾರೆ. ಸವೆಯದಿರಲಿ ಎಂದು ವರ್ಷದ ಬಹುಭಾಗ ಹಲಗೆ ಹಾಸಿ ಮುಚ್ಚಿಟ್ಟು, ಕೆಲವು ವಾರ ಮಾತ್ರ ತೆರೆಯುತ್ತಾರೆ.

"ಅಳಿಸದೇ ಇರೋ ರಂಗೋಲಿ ಕಣ್ರೀ," ಎಂದಿದ್ದಳು ಸರಳಾ. "ಒಂದ್ಸಲ ನೋಡ್ಬೇಕು."

ಮದುವೆಯಾದಾಗಿನಿಂದ ಒಡವೆ ಕೇಳದ ಹೆಂಡತಿ ನೆಲ ಕೇಳಿದ್ದಳು. ಅದೂ ನೋಡುವುದಕ್ಕೆ ಮಾತ್ರ. ಆದರೂ ಹಿಂದಿನ ಎರಡು ವರ್ಷ ಆಫೀಸಿನ ಹೊಸ ಮಾಡೆಲ್ಲಿನ ಗಡಿಬಿಡಿ ಎಂದು ತಿರುಮಲೇಶನೇ ಪ್ರಯಾಣ ರದ್ದು ಮಾಡಿಸಿದ್ದ. ಎರಡನೆಯ ಸಲ ಸರಳಾ ತುಂಬಿದ ಸೂಟ್‌ಕೇಸನ್ನು ಖಾಲಿ ಮಾಡಿ ಮೇಲಕ್ಕೆ ಇಟ್ಟಿದ್ದಳು. ಆ ಖಾಲಿ ಸೂಟ್‌ಕೇಸು ಅವನನ್ನು ವರ್ಷವಿಡೀ ಚುಚ್ಚಿತ್ತು. ಈ ಸಲ ಆಫೀಸಿಗೆ ಕೈಮುಗಿದು ನಾಲ್ಕು ದಿನದ ರಜೆ ಹಾಕಿದ. ನೆಲ ತೆರೆದಿರುವ ಕೊನೆಯ ದಿನದ ಟಿಕೆಟ್ಟು ಹೇಗೋ ಸಿಕ್ಕಿತು.

ಟಿಕೆಟ್ಟು ತೆಗೆದುಕೊಳ್ಳಬೇಕಾಗಿದ್ದು ಎರಡು, ತೆಗೆದುಕೊಂಡದ್ದು ನಾಲ್ಕು. ಅದಕ್ಕೆ ಕಾರಣ ಅವರದೇ ಬಡಾವಣೆಯಲ್ಲಿ ಎರಡು ಮನೆ ಆಚೆ ಇದ್ದ ಡಾಕ್ಟರ್ ಸಂಗನಬಸಪ್ಪ. ವಿಜಯಪುರದ ಕಡೆಯವರು, ಹೃದಯದ ಡಾಕ್ಟರಾಗಿದ್ದು ನಿವೃತ್ತರಾದವರು. ಅಂಚೆ ಪೆಟ್ಟಿಗೆಯ ಹತ್ತಿರ ಸಿಕ್ಕಾಗ ತಿರುಮಲೇಶ ಇಟಲಿಯ ವಿಷಯ ಹೇಳಿ, ಮಾತಿಗೆ "ನೀವೂ ಬನ್ನಿ ಡಾಕ್ಟ್ರೇ" ಅಂದುಬಿಟ್ಟ. ಮೈಸೂರಿನ ಕಡೆ 'ಬನ್ನಿ' ಎಂಬುದು ನಮಸ್ಕಾರದ ಇನ್ನೊಂದು ರೂಪ. ವಿಜಯಪುರದ ಕಡೆ ಅದಕ್ಕೆ ಬರಬೇಕು ಎಂದೇ ಅರ್ಥ. ಮರುದಿನ ಬೆಳಿಗ್ಗೆ ಡಾಕ್ಟರು ತಮಗೂ ಹೆಂಡತಿ ಮಲ್ಲಮ್ಮನವರಿಗೂ ಅದೇ ವಿಮಾನದ ಟಿಕೆಟ್ಟು ಮಾಡಿಸಿಕೊಂಡು, ಇಟಲಿಯಲ್ಲಿ ಓಡಾಡಲು ತಮ್ಮ ಹೆಸರಿನಲ್ಲಿ ಒಂದು ದೊಡ್ಡ ಕಾರನ್ನೂ ಬಾಡಿಗೆಗೆ ಗೊತ್ತುಮಾಡಿ, ಆ ಸಂತೋಷಕ್ಕೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟುಹೋದರು.

ಅವರು ಉಳಿದುಕೊಂಡದ್ದು ಸಿಯೆನಾದ ಹೊರಗೆ, ದ್ರಾಕ್ಷಿ ತೋಟದ ನಡುವಿನ ಒಂದು ಮನೆಯಲ್ಲಿ. ಆ ಬೆಳಿಗ್ಗೆ ಮನೆಯೊಡತಿ ಕೈಸನ್ನೆಯಲ್ಲೂ ಮುರುಕು ಇಂಗ್ಲಿಷಿನಲ್ಲೂ ಸ್ಪಷ್ಟವಾಗಿಯೇ ಹೇಳಿದ್ದಳು. ಕೋಟೆಯೊಳಗೆ ಹೊರಗಿನವರ ಕಾರು ಬಿಡುವುದಿಲ್ಲ. ಗೋಡೆಯ ಕೆಳಗೇ ನಿಲ್ಲಿಸಿ. ಅಲ್ಲಿಂದ ಎಸ್ಕಲೇಟರ್ ಇದೆ, ಗುಡ್ಡದ ಮೇಲಕ್ಕೆ ತಾನೇ ಒಯ್ಯುತ್ತದೆ.

ಆಗ ಮಲ್ಲಮ್ಮನವರು ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ಗುಡ್ಡ ಹತ್ತಲು ತಮ್ಮಿಂದಾಗದು. ಎಸ್ಕಲೇಟರಂತೂ ಸಾಧ್ಯವೇ ಇಲ್ಲ, ಮನೆ ಹತ್ತಿರದ ನೋವೈ ಎಂಬ ಊರಿನ ಮಾಲಿನಲ್ಲಿ ಒಮ್ಮೆ ಸೀರೆಯ ಅಂಚು ಸಿಕ್ಕಿಕೊಂಡು ಮಾನ ಹೋಗುವುದರಲ್ಲಿತ್ತು. ತಾವು ಇಲ್ಲೇ ಕೂತು ವಚನ ಓದುತ್ತೇವೆ, ನೀವು ಹೋಗಿಬನ್ನಿ ಎಂದು, ಯಾರೂ ಹೋಗಲಾಗದಂಥ ದನಿಯಲ್ಲಿ ಹೇಳಿದರು.

"ಅಲ್ರೀ, ಆ ಊರಾಗ ಮಂದಿ ಇರ್ತಾರೋ ಇಲ್ಲೋ?" ಎಂದರು ಡಾಕ್ಟರು. "ಅವ್ರು ಅಕ್ಕಿ ಬ್ಯಾಳಿ ಹೆಂಗ ಒಯ್ತಾರ? ಇಕಿನ್ನ ಬಾಗಲದಾಗ ಇಳಿಸಿ ಹೊಳ್ಳಿ ಬಂದ್ರಾತು. ಕಾರಿನ ಎಂಜಿನಿಯರ್ ನೀವ ಇರೂವಾಗ ಅಂಜೂದು ಯಾತಕ್ಕ?"

ಸರಳಾ ಬೇಡವೆಂದಳು. ಹೇಳಿದ ಜಾಗದಲ್ಲೇ ನಿಲ್ಲಿಸೋಣ, ಆಂಟಿಯ ಕೈಹಿಡಿದು ತಾನೇ ಮೆಲ್ಲಗೆ ನಡೆಸುತ್ತೇನೆ ಎಂದಳು. ಆದರೆ ಡಾಕ್ಟರ ಕೊನೆಯ ಮಾತು ತಿರುಮಲೇಶನ ಕಿವಿಯಲ್ಲಿ ಇಳಿದು ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಿಯಾಗಿತ್ತು. ಕಾರಿನ ಕೀಲಿ ಅವನ ಕೈಗೆ ಬಂತು.

ಕೋಟೆಯ ಬಾಗಿಲ ಬಳಿ ಕೆಂಪು ವೃತ್ತವಿದ್ದ ದೊಡ್ಡ ಫಲಕ. ತಿರುಮಲೇಶ ಬ್ರೇಕ್ ಒತ್ತಿದ. ಅದು ಲಾರಿಗಳಿಗೆ ಹಾಕಿದ್ದು, ನಮಗಲ್ಲ ಎಂದು ಹಿಂದಿನ ಸೀಟಿನಿಂದ ಡಾಕ್ಟರು ತೀರ್ಪಿತ್ತರು. ಅವರಿಗೆ ಇಟಾಲಿಯನ್ ಬರುತ್ತಿರಲಿಲ್ಲ. ಆದರೆ ಸಾವಿರಾರು ರೋಗಿಗಳಿಗೆ ಏನೂ ಆಗುವುದಿಲ್ಲ ಎಂದು ಹೇಳಿದ ದನಿ ಅದು, ಕೇಳಿದವರಿಗೆ ನಂಬಬೇಕೆನಿಸುತ್ತಿತ್ತು. ಬಾಗಿಲು ದಾಟುವಾಗ ಕಂಬದ ಮೇಲಿನ ಕ್ಯಾಮೆರಾ ಮಿಂಚಿತು. ಟೂರಿಸ್ಟರೆಂದರೆ ಇವರಿಗೆ ಎಷ್ಟು ಮರ್ಯಾದೆ, ಬಂದ ಕೂಡಲೆ ಫೋಟೋ ತೆಗೆದರು ಎಂದು ಮಲ್ಲಮ್ಮನವರು ಸೆರಗು ಸರಿಮಾಡಿಕೊಂಡರು.

ಮೊದಲು ಎರಡು ಕಾರು ಹೋಗುವಷ್ಟಿದ್ದ ರಸ್ತೆ ಒಂದು ತಿರುವಿನಲ್ಲಿ ಒಂದೂವರೆ ಕಾರಿನಷ್ಟಾಯಿತು. ಮುಂದಿನ ತಿರುವಿನಲ್ಲಿ ಒಂದು ಕಾರಿನಷ್ಟು. ಅದರಾಚೆ ಕತ್ತೆಯೂ ಹೊಟ್ಟೆ ಒಳಗೆಳೆದುಕೊಂಡು ಹೋಗಬೇಕಾದಷ್ಟು. ದಾರಿ ಹೇಳುವ ಫೋನಿನ ಹೆಂಗಸು ಮಾತ್ರ ನೇರ ಹೋಗಿ, ನೇರ ಹೋಗಿ ಎನ್ನುತ್ತಿದ್ದಳು. ಹಿಂದಕ್ಕೆ ಹೋಗೋಣವೆಂದರೆ ಇಳಿಜಾರಿನ ತಿರುವು. ತಿರುಮಲೇಶ ಕನ್ನಡಿಗಳನ್ನು ಮಡಿಸಿ, ಉಸಿರು ಬಿಗಿಹಿಡಿದು, ಅಂಗುಲ ಅಂಗುಲ ಮುಂದುವರಿದ.

ಮುಂದಿನ ಸೆನ್ಸರ್ ಕುಂಯ್ ಎಂದಿತು. ಎಡಗಡೆಯದು ದನಿಗೂಡಿಸಿತು. ಆಮೇಲೆ ಬಲಗಡೆಯದು, ಹಿಂದಿನದು. ಕೊನೆಗೆ ಎಲ್ಲವೂ ಸೇರಿ ಧಾರೆ ಮುಹೂರ್ತದ ವಾಲಗದಂತೆ ಉಸಿರು ತೆಗೆದುಕೊಳ್ಳದೆ ಊದತೊಡಗಿದವು. ಕಿರ್ರೆಂದು ಒಂದು ಸದ್ದು. ಕಾರು ನಿಂತಿತು.

"ಇದು ನಮ್ಮ ಕಂಪನಿ ಸೆನ್ಸರ್ ಅಲ್ಲ," ಎಂದ ತಿರುಮಲೇಶ. ಯಾರೂ ಕೇಳಿರಲಿಲ್ಲ.

ಎಡಬದಿಯ ಬಾಗಿಲುಗಳು ಒಂದು ಗೋಡೆಗೆ ಅಂಟಿಕೊಂಡಿದ್ದವು. ಬಲಬದಿಯಲ್ಲಿ, ಹಿಂದಿನ ಕಾಲದವರು ಕುದುರೆ ಕಟ್ಟಲೆಂದು ಗೋಡೆಗೆ ಹೊಡೆದಿದ್ದ ಕಬ್ಬಿಣದ ಬಳೆಯೊಂದು ಕಾರನ್ನು ಕುದುರೆಯೆಂದೇ ತಿಳಿದು ಹಿಡಿದುಕೊಂಡಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಾಗಿಲು ತೆರೆಯುವಂತಿಲ್ಲ. ಹೊರಹೋಗಲು ಇದ್ದದ್ದು ಡಿಕ್ಕಿಯ ದಾರಿಯೊಂದೇ.

ಮೊದಲು ಸರಳಾ ಹೊರಬಿದ್ದಳು. ಆಮೇಲೆ ಡಾಕ್ಟರು, ಎರಡು ಸಲ ಪ್ರಯತ್ನಿಸಿ. ಮಲ್ಲಮ್ಮನವರನ್ನು ಹೇಗೆ ಇಳಿಸುವುದೆಂದು ಎಲ್ಲರೂ ಯೋಚಿಸುತ್ತಿರುವಾಗಲೇ ಅವರು ಸೀರೆ ಎತ್ತಿ ಸಿಕ್ಕಿಸಿ, ಸೀಟಿನ ಬೆನ್ನು ಹತ್ತಿ ದಾಟಿ, ಅಟ್ಟದಿಂದ ಇಳಿಯುವ ಬೆಕ್ಕಿನಂತೆ ಕೆಳಗೆ ಧುಮುಕಿದರು. ಚರ್ಚು ಇಲ್ಲೇ ಮೇಲೆ ಇರಬೇಕು, ಏನು ಮಹಾ ದೂರ, ನಡೆದೇ ಹೋಗಬಹುದಿತ್ತು ಎಂದರು. ತಿರುಮಲೇಶ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕನ್ನಡಿಯಲ್ಲಿ ಆ ಎಡ ಮೊಣಕಾಲನ್ನು ಬಹಳ ಹೊತ್ತು ನೋಡಿದ.

ಅಷ್ಟರಲ್ಲಿ ಸಂದಿಯ ಕೆಳಗಿನಿಂದ ಪ್ರವಾಸಿಗಳ ಗುಂಪೊಂದು ಬಂತು. ಅವರ ನಡುವಿನಿಂದ ಒಂದು ಕನ್ನಡದ ದನಿ ಎದ್ದಿತು.

"ಸರಳಾ ಅಲ್ವಾ? ಲೆಮಾಂಟ್ ರಂಗೋಲಿ ಸರಳಾ?"

ಶಿಕಾಗೋದ ಲಲಿತಮ್ಮ. ದೇವಸ್ಥಾನದ ಅಡುಗೆಮನೆಯಿಂದ ಹಿಡಿದು ಕನ್ನಡದವರ ವಾಟ್ಸಾಪ್ ಗುಂಪಿನವರೆಗೆ ಎಲ್ಲ ಕಡೆಯೂ ಸೌಟು ಹಿಡಿದಿರುವ ಹೆಂಗಸು. ಅವರು ಮೊದಲು ಸರಳಾಳನ್ನು ತಬ್ಬಿಕೊಂಡರು, ಆಮೇಲೆ ಕಾರನ್ನು ನೋಡಿದರು, ಆಮೇಲೆ ಫೋನು ತೆಗೆದರು. ಸ್ವಲ್ಪ ಈ ಕಡೆ ತಿರುಗಿ ತಿರುಮಲೇಶ್, ಮುಖ ಕಾಣಿಸ್ತಿಲ್ಲ ಎಂದರು. ಅವನು ತಿರುಗಲಿಲ್ಲ. ಆದರೂ ವಿಡಿಯೋ ಚೆನ್ನಾಗಿ ಬಂತಂತೆ.

ಲಲಿತಮ್ಮನ ಗುಂಪೂ ಚರ್ಚಿಗೇ ಹೊರಟಿತ್ತು. ಗೈಡು ಪಕ್ಕದ ಮೆಟ್ಟಿಲ ದಾರಿ ತೋರಿಸಿ ಅವಸರಪಡಿಸುತ್ತಿದ್ದ. ಸರಳಾ ಡಿಕ್ಕಿಯ ಬಾಯಿಗೆ ತಲೆಹಾಕಿ, ಕಾರು ಬಿಟ್ಟು ಬಂದುಬಿಡಿ ಎಂದಳು.

"ಬ್ರೇಕ್ ಬಿಟ್ರೆ ಎಲ್ಲಿಗೆ ಜಾರತ್ತೋ ಗೊತ್ತಿಲ್ಲ. ನೀನು ಹೋಗು ಸರಳಾ," ಎಂದ ತಿರುಮಲೇಶ. "ನಾಳೆಯಿಂದ ಹಲಗೆ ಹಾಕ್ಬಿಡ್ತಾರೆ. ನೀನು ನೋಡ್ತಾ ಇರು, ನಾನು ಹಿಂದೇನೇ ಬರ್ತೀನಿ."

ಅವಳು ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಇವನು ಕೈಬೀಸಿದ. ಅದು ಆ ದಿನ ಅವನು ಮಾಡಿದ ಒಂದೇ ಸರಿಯಾದ ಕೆಲಸ ಎಂದು ಅವನಿಗನ್ನಿಸಿತು.

ಹೆಂಗಸರು ಹೋದ ಸ್ವಲ್ಪ ಹೊತ್ತಿಗೆ ಮಿಷಿಗನ್ನಿನಲ್ಲಿ ಬೆಳಗಾಯಿತು. ಲಲಿತಮ್ಮನ ವಿಡಿಯೋ ಗುಂಪಿನ ಕಾಫಿಯ ಜೊತೆ ಇಳಿದಿರಬೇಕು. ತಿರುಮಲೇಶನ ಫೋನು ನಡುಗತೊಡಗಿತು. ಟ್ರಾಯ್‌ನಿಂದ ಒಬ್ಬರು ಟೈರಿನ ಗಾಳಿ ಬಿಡಲು ಹೇಳಿದರು. ಕ್ಯಾಂಟನ್‌ನಿಂದ ಇನ್ನೊಬ್ಬರು ಗಾಳಿ ಬಿಡಬೇಡಿ, ಹೆಚ್ಚಿಗೆ ತುಂಬಿಸಿ ಎಂದರು. ನೇಪರ್‌ವಿಲ್‌ನ ಭಾನು ಎಂಬಾಕೆ ಅಲ್ಲಿ ಸಸ್ಯಾಹಾರ ಸಿಗುತ್ತದೆಯೇ, ಬರುವ ಬೇಸಿಗೆಗೆ ನಾವೂ ಹೋಗಬೇಕು ಎಂದು ಕೇಳಿದಳು. ದೇವಸ್ಥಾನದವರೊಬ್ಬರು ಆಂಜನೇಯನಿಗೆ ಹರಸಿಕೊಂಡಿದ್ದಾಗಿ ತಿಳಿಸಿದರು. ಆಮೇಲೆ ಅವನ ಕೈಕೆಳಗೆ ಕೆಲಸ ಮಾಡುವ ವೀರೇಶನೇ ಡಿಯರ್‌ಬಾರ್ನ್‌ನಿಂದ ಫೋನು ಮಾಡಿದ.

"ಸರ್, ಡಿಸ್ಟರ್ಬ್ ಮಾಡ್ತಿದೀನಿ ಅನ್ಕೋಬೇಡಿ. ಬೀಪ್ ಕಂಟಿನ್ಯೂಸ್ ಆಗಿ ಬರ್ತಿದ್ಯಾ, ಬಿಟ್ಟು ಬಿಟ್ಟು ಬರ್ತಿದ್ಯಾ? ನಾಳೆ ಮೀಟಿಂಗ್‌ನಲ್ಲಿ ವಿಡಿಯೋ ತೋರಿಸೋಣ ಅಂತ ಮ್ಯಾನೇಜರ್ ಹೇಳಿದ್ರು. ಒಳ್ಳೆ ಕೇಸ್ ಸ್ಟಡಿ ಸರ್."

ತಿರುಮಲೇಶ ಫೋನನ್ನು ಪೂರ್ತಿ ಆಫ್ ಮಾಡಿ ಜೇಬಿಗೆ ತುರುಕಿದ. ಪ್ರಪಂಚ ಸ್ವಲ್ಪ ಹೊತ್ತು ಶಾಂತವಾಯಿತು.

ಹಿಂದೆ ಬಂಪರಿನ ಮೇಲೆ ಕೂತು ಡಾಕ್ಟರು ಜೋಳದ ರೊಟ್ಟಿ ಬಿಚ್ಚಿದ್ದರು. ರೊಟ್ಟಿ ಮುರಿಯುತ್ತ ಅವರು ಕಾರಿನ ಎರಡೂ ಪಕ್ಕವನ್ನು, ರೋಗಿಯ ಎದೆಯ ಫಿಲ್ಮ್ ನೋಡುವವರಂತೆ ಕಣ್ಣು ಕಿರಿದು ಮಾಡಿ ನೋಡಿದರು.

"ನೈಂಟಿ ಪರ್ಸೆಂಟ್ ಬ್ಲಾಕ್ ಐತಿ," ಎಂದರು. "ಅವಸರ ಮಾಡಿ ಎಳೀಬಾರ್ದು. ಎಳದ್ರ ಗೋಡಿ ಹರೀತೈತಿ. ಇದಕ್ಕ ಜಿಡ್ಡು ಬೇಕು."

ಹೃದಯದ ಡಾಕ್ಟರೊಬ್ಬರು ಬ್ಲಾಕ್ ತೆಗೆಯಲು ಜಿಡ್ಡು ಬರೆದುಕೊಟ್ಟದ್ದು ಅದೇ ಮೊದಲಿರಬೇಕು. ಮೇಲಿನ ಕಿಟಕಿಯಿಂದ ಆಗಿನಿಂದಲೂ ಒಬ್ಬ ಮುದುಕಿ ಇಟಾಲಿಯನ್ನಿನಲ್ಲಿ ಬೈಯುತ್ತಿದ್ದಳು. ಡಾಕ್ಟರು ಅವಳಿಗೆ ಕನ್ನಡದಲ್ಲೇ, ಅಂಗೈ ಮೇಲೆ ಅಂಗೈ ತಿಕ್ಕಿ ತೋರಿಸಿ, ಎಣ್ಣೆ ಕೇಳಿದರು. ಅವಳು ಸುಮ್ಮನಾಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಗ್ಗ ಕಟ್ಟಿದ ಬುಟ್ಟಿಯೊಂದು ಕೆಳಗಿಳಿಯಿತು. ಅದರಲ್ಲಿ ದೊಡ್ಡ ಡಬ್ಬಿ ಆಲಿವ್ ಎಣ್ಣೆ. ಮುಂದೆ ಅವರಿಬ್ಬರೂ, ಒಬ್ಬರು ಕನ್ನಡದಲ್ಲಿ ಒಬ್ಬರು ಇಟಾಲಿಯನ್ನಿನಲ್ಲಿ, ಯಾವ ಭಿನ್ನಾಭಿಪ್ರಾಯವೂ ಇಲ್ಲದೆ ಮಾತಾಡಿಕೊಂಡರು. ಡಾಕ್ಟರು ತೋಳು ಮಡಿಸಿ, ಕೂಸಿಗೆ ಹಚ್ಚುವಂತೆ, ಕಾರಿನ ಮೈಗೆ ಎಣ್ಣೆ ಹಚ್ಚತೊಡಗಿದರು. ಕಿಟಕಿಯ ಸಂದಿನಿಂದ ಅರ್ಧದಷ್ಟು ತಿರುಮಲೇಶನ ಅಂಗಿಗೆ ಇಳಿಯಿತು. ಅದು ಸರಳಾ ಈ ಪ್ರಯಾಣಕ್ಕೆಂದೇ ಕೊಡಿಸಿದ ಅಂಗಿ.

ಅದೇ ಹೊತ್ತಿಗೆ ಪೊಲೀಸು ಬಂತು. ಯುವತಿ. ಅವಳು ಸಂದಿಯ ಮೇಲಿನ ತುದಿಯಿಂದ ಇಳಿದು ಬಂದು, ಕಾರನ್ನು, ಎಣ್ಣೆಯನ್ನು, ರೊಟ್ಟಿಯನ್ನು ಒಂದೊಂದಾಗಿ ನೋಡಿ, ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ, ಬಾಗಿಲಲ್ಲಿದ್ದ ಫಲಕ ನೋಡಿದಿರಾ ಎಂದು ಕೇಳಿದಳು. ನೋಡಿದೆ ಎಂದ ತಿರುಮಲೇಶ. ಮತ್ತೆ ಒಳಗೆ ಬಂದದ್ದೇಕೆ ಎಂದಳು. ಅದು ಲಾರಿಗಳಿಗೆ ಎಂದುಕೊಂಡೆ ಎನ್ನಲು ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಡ್ರೈವರ್‌ಗಳಿಗೆ ಎಚ್ಚರಿಕೆ ಕೊಡುವ ಯಂತ್ರ ಮಾಡಿದವನು, ಎಚ್ಚರಿಕೆ ಓದಿದ್ದೆ ಎಂದು ತಲೆ ತಗ್ಗಿಸಿದ.

ಅವಳು ಪಕ್ಕದ ಮಾಂಸದಂಗಡಿಯ ದಾಂಡಿಗರನ್ನು ಕರೆಸಿದಳು. ಅವರು ಹಿಂದೆ ನಿಂತು ಕಾರನ್ನು ಮೇಲೆ ಕೆಳಗೆ ಕುಲುಕಿದರು. ಮುದುಕಿ ಕಿಟಕಿಯಿಂದ ತಾಳ ಕೊಟ್ಟಳು. ಡಾಕ್ಟರು ಉಸಿರು ಎಳೀರಿ, ಬಿಡ್ರಿ ಎಂದು ಯಾರಿಗೆಂದು ತಿಳಿಯದಂತೆ ಹೇಳುತ್ತಿದ್ದರು. ತಿರುಮಲೇಶ ಆಕ್ಸಿಲರೇಟರ್ ಒತ್ತಿದ. ತೆಂಗಿನಕಾಯಿ ತುರಿದಂಥ ಸದ್ದು ಬಹಳ ದೂರ ಕೇಳಿಸಿತು. ಕಾರು ಬಿಡಿಸಿಕೊಂಡು ಮುಂದೆ ಹೋಗಿ, ಸಂದಿಯ ಕೊನೆಯ ಪುಟ್ಟ ಅಂಗಳದಲ್ಲಿ ನಿಂತಿತು. ಹಿಂದೆ ಕಲ್ಲುಗೋಡೆಯ ಮೇಲೆ ಉದ್ದಕ್ಕೂ ಒಂದು ಬಿಳಿಯ ಎಳೆ ಉಳಿಯಿತು.

ಬಾಡಿಗೆ ಡಾಕ್ಟರ ಹೆಸರಿನಲ್ಲಿದ್ದುದರಿಂದ ಕಾಗದಪತ್ರಕ್ಕೆ ಪೊಲೀಸಿನವಳು ಅವರನ್ನೇ ಹಿಡಿದುಕೊಂಡಳು. ತಿರುಮಲೇಶ ಕಾರಿನಿಂದಿಳಿದು, ಕಾಲು ನೀಡಿ, ಸರಳಾ ಇಷ್ಟು ಹೊತ್ತಿಗೆ ನೆಲವನ್ನೆಲ್ಲ ನೋಡಿ ಮುಗಿಸಿರಬೇಕು ಎಂದು ಸಮಾಧಾನದ ಉಸಿರು ಬಿಟ್ಟ. ಆ ಉಸಿರು ಅರ್ಧಕ್ಕೇ ನಿಂತಿತು. ನಾಲ್ಕು ಟಿಕೆಟ್ಟೂ ಇದ್ದದ್ದು ಅವನ ಫೋನಿನಲ್ಲಿ. ಫೋನು ಇದ್ದದ್ದು ಅವನ ಜೇಬಿನಲ್ಲಿ, ಆಫ್ ಆಗಿ.

ಅವನು ಓಡಿದ. ಕಾಲೇಜು ಬಿಟ್ಟ ಮೇಲೆ ಓಡಿರಲಿಲ್ಲ. ಸಿಯೆನಾದಲ್ಲಿ ಯಾವ ದಾರಿಗೆ ಹೋದರೂ ಅದು ಮೇಲಕ್ಕೇ ಹತ್ತುತ್ತಿತ್ತು. ಮೆಟ್ಟಿಲು, ಕಮಾನು, ಮತ್ತೆ ಮೆಟ್ಟಿಲು. ಬೆವರು ಮತ್ತು ಎಣ್ಣೆ ಬೆರೆತು ಅವನು ಹೋದಲ್ಲೆಲ್ಲ ಜನ ತಾವಾಗಿ ದಾರಿ ಬಿಡುತ್ತಿದ್ದರು. ಓಡುತ್ತಲೇ ಫೋನು ಆನ್ ಮಾಡಿದ. ಅದು ಎಲ್ಲ ಬೆಳಕನ್ನೂ ತೋರಿಸಿತು. ಪರದೇಶದ ನೆಟ್‌ವರ್ಕ್ ಮಾತ್ರ ಹುಡುಕುತ್ತಲೇ ಇತ್ತು.

ಕಪ್ಪು ಬಿಳುಪು ಪಟ್ಟೆಯ ಚರ್ಚಿನ ಮುಂದೆ ಸರಳಾ ಇರಲಿಲ್ಲ. ಸಾಲೂ ಇರಲಿಲ್ಲ. ಬಾಗಿಲಲ್ಲಿದ್ದವನು ಸರಪಳಿ ಹಾಕುವುದರಲ್ಲಿದ್ದ. ನೀಲಿ ಕುರ್ತಾ ಹಾಕಿದ ಇಂಡಿಯನ್ ಹೆಂಗಸನ್ನು ಕಂಡಿರಾ ಎಂದು ತಿರುಮಲೇಶ ಏದುಸಿರಿನಲ್ಲಿ ಕೇಳಿದ. ಅವನು ಗಡಿಯಾರ ತೋರಿಸಿ, ಟಿಕೆಟ್ಟು ನೋಡಿ, ಒಳಗೆ ಒಳಗೆ ಎಂದು ಕೈಬೀಸಿದ. ಒಳಗೆ ಹೋಗು ಎಂದನೋ, ಒಳಗೆ ಹೋದಳು ಎಂದನೋ, ಆ ಹೊತ್ತಿನಲ್ಲಿ ತಿರುಮಲೇಶನಿಗೆ ಎರಡೂ ಒಂದೇ ಆಗಿ ಕೇಳಿಸಿತು. ಬೇರೆ ಟಿಕೆಟ್ಟು ಕೊಂಡು ಹೋಗಿದ್ದಾಳೆ, ಜಾಣೆ, ಎಂದುಕೊಂಡು ಒಳಗೆ ನುಗ್ಗಿದ. ಹಿಂದೆ ಸರಪಳಿ ಬಿತ್ತು.

ಹೆಂಡತಿಯನ್ನು ಹುಡುಕುತ್ತ ಅವನು ಕೆಳಗೆ ನೋಡಿದ.

ಕಾಲ ಬಳಿ ಒಂದು ಹೆಣ್ಣು ತೋಳ ಎರಡು ಕೂಸುಗಳಿಗೆ ಹಾಲು ಕುಡಿಸುತ್ತಿತ್ತು. ಅದರ ಸುತ್ತ ಒಂದೊಂದು ವೃತ್ತದಲ್ಲಿ ಒಂದೊಂದು ಮೃಗ. ಆನೆ ಕೂಡ ಇತ್ತು. ಮುಂದೆ ಪುಸ್ತಕ ಹಿಡಿದ ಹೆಂಗಸರು, ಅವರ ಸೆರಗಿನ ಮಡಿಕೆಗಳು, ಯುದ್ಧ, ಕುದುರೆ, ಚುಕ್ಕಿ ಇಟ್ಟು ಎಳೆ ಎಳೆದಂಥ ಅಂಚು. ಎಲ್ಲ ಕಲ್ಲು. ಹುಟ್ಟಿದಾಗಿನಿಂದ ಗೋಡೆಯನ್ನೇ ನೋಡಿಕೊಂಡು ಬಂದ ಮನುಷ್ಯ ತಿರುಮಲೇಶ. ನೆಲ ಎಂದರೆ ಅವನಿಗೆ ಟೈರು ತಾಗುವ ಜಾಗ. ಈಗ ಅವನು ಬಾಯಿ ತೆರೆದುಕೊಂಡು ನಿಂತ. ಲೆಮಾಂಟ್‌ನಲ್ಲಿ ಸರಳಾ ಬಗ್ಗಿ ಬೆರಳ ಸಂದಿನಿಂದ ಪುಡಿ ಬಿಡುವಾಗ ಕಾರಿನ ಹತ್ತಿರ ನಿಂತು ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಿದ್ದದ್ದು ನೆನಪಾಗಿ, ಅವನಿಗೆ ಆ ದಿನದಲ್ಲಿ ಮೊದಲ ಸಲ, ಬೇರೆ ಯಾರ ಮೇಲೂ ಅಲ್ಲದೆ, ತನ್ನ ಮೇಲೇ ಸಿಟ್ಟು ಬಂತು.

ಅವಳು ಎಷ್ಟೇ ನೋಡಿರಲಿ, ಮನೆಯಲ್ಲಿ ಮತ್ತೆ ನೋಡಲು ಬೇಕಾಗುತ್ತದೆ ಎಂದು ಫೋಟೋ ತೆಗೆಯತೊಡಗಿದ. ತೋಳದ್ದು, ಆನೆಯದ್ದು, ಅಂಚಿನದ್ದು. ಮುಂದಿನ ಕಂಬದ ಹಿಂದೆ ಸರಳಾ ಇರುತ್ತಾಳೆ ಎಂದುಕೊಂಡು ಕಂಬದಿಂದ ಕಂಬಕ್ಕೆ ಹೋದ. ಕೊನೆಯ ಕಂಬದ ಹಿಂದೆ ಹಲಗೆಗಳ ರಾಶಿ ಮತ್ತು ಅವನ್ನು ಹಾಸಲು ಕಾದು ನಿಂತ ಕೆಲಸದವರು ಇದ್ದರು. ಅವರು ಅವನನ್ನು ಸೌಜನ್ಯದಿಂದಲೇ ಹೊರಗೆ ಕಳಿಸಿದರು.

ಮೆಟ್ಟಿಲ ಮೇಲೆ ಬರುತ್ತಲೇ ನೆಟ್‌ವರ್ಕ್ ಸಿಕ್ಕಿತು. ಕೈಯಲ್ಲಿ ಫೋನು ಚಳಿಜ್ವರ ಬಂದಂತೆ ಅದುರಿತು. ಎಲ್ಲ ಸರಳಾಳ ಸಂದೇಶಗಳು. ಟಿಕೆಟ್ ನಿಮ್ಮ ಫೋನಲ್ಲಿದೆ, ಕಳಿಸಿ. ಬಾಗಿಲಲ್ಲಿ ಬಿಡ್ತಿಲ್ಲ. ಫೋನ್ ಯಾಕೆ ಆಫ್? ಲಲಿತಮ್ಮ ಎಲ್ಲ ಒಳಗೆ ಹೋದರು. ಇವತ್ತಿನ ಟಿಕೆಟ್ ಎಲ್ಲಾ ಖಾಲಿಯಂತೆ. ಕೊನೆಯದು: ನಾನೇ ಕೆಳಗೆ ಬರ್ತಿದೀನಿ, ಅಲ್ಲೇ ಇರಿ.

ತಿರುಮಲೇಶ ಮೆಟ್ಟಿಲ ಮೇಲೆ ಕೂತ. ಅವನು ಒಂದು ದಾರಿಯಿಂದ ಹತ್ತುವಾಗ ಅವಳು ಇನ್ನೊಂದು ದಾರಿಯಿಂದ ಇಳಿದಿದ್ದಳು. ನೆಲಕ್ಕಾಗಿ ಮೂರು ವರ್ಷ ಕಾದವಳು ಕಾರಿನ ಪಕ್ಕ ಕೂತಿದ್ದಾಳೆ. ಕಾರಿನವನು ನೆಲ ನೋಡಿ ಬಂದಿದ್ದಾನೆ.

ಇಳಿಯುತ್ತ ದಾರಿಯುದ್ದಕ್ಕೂ ನಿಜ ಹೇಳುವುದನ್ನು ಅಭ್ಯಾಸ ಮಾಡಿದ. ಆದರೆ ಅಂಗಳಕ್ಕೆ ಕಾಲಿಟ್ಟಾಗ ಸರಳಾ ಕಲ್ಲು ಕಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದಳು. ಪಕ್ಕದಲ್ಲಿ ಮಲ್ಲಮ್ಮನವರು. ಎಲ್ಲಿಗೆ ಹೋಗಿದ್ದಿರಿ ಎಂದು ಅವಳು ತಲೆಯೆತ್ತಿ ಕೇಳಿದಳು. ಆ ಮುಖ ನೋಡಿದ್ದೇ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು.

"ನಿನಗೆ ಟಿಕೆಟ್ ಕೊಡಕ್ಕೆ ಓಡಿದೆ," ಎಂದ. ಅಲ್ಲಿಯವರೆಗೆ ಸರಿಯಿತ್ತು. "ಹೋಗೋಷ್ಟ್ರಲ್ಲಿ ಬಾಗಿಲು ಹಾಕ್ಬಿಟ್ಟಿದ್ರು. ಎಷ್ಟು ಕೇಳಿದ್ರೂ ಬಿಡ್ಲಿಲ್ಲ."

ಸರಳಾ ಅವನ ಎಣ್ಣೆಯ ಅಂಗಿ, ಕೆಂಪಾದ ಮುಖ ನೋಡಿದಳು. ಅವಳ ಕೈಕಟ್ಟು ಸಡಿಲವಾಯಿತು. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ದಾರಿಯುದ್ದಕ್ಕೂ ನಿಮ್ಮನ್ನ ಬೈಕೋತಾ ಬಂದೆ," ಎಂದಳು. "ನೀವು ನೋಡಿದ್ರೆ ನನಗೋಸ್ಕರ ಆ ಗುಡ್ಡ ಓಡಿ ಹತ್ತಿದೀರ. ಹೋಗ್ಲಿ ಬಿಡಿ. ನಾನೂ ನೋಡ್ಲಿಲ್ಲ, ನೀವೂ ನೋಡ್ಲಿಲ್ಲ. ಮುಂದಿನ ವರ್ಷ ಇಬ್ರೇ ಬರೋಣ."

ನೀರಿನ ಬಾಟಲಿ ತೆರೆದುಕೊಟ್ಟಳು. ದುಪಟ್ಟಾದ ತುದಿಯಿಂದ ಅವನ ಕತ್ತಿನ ಎಣ್ಣೆ ಒರೆಸಿದಳು. ಮಲ್ಲಮ್ಮನವರು ಖರೇ ಗಂಡ ಅಂದರೆ ಇವರು ಎಂದು ತಮ್ಮ ಗಂಡನಿಗೆ ಕೇಳುವಂತೆ ಹೇಳಿ, ಉಳಿದಿದ್ದ ಒಂದು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಟ್ಟರು. ತಿರುಮಲೇಶ ತಿಂದ. ಅವನಿಗೆ ಹಸಿವಾಗಿತ್ತು. ಕೆಲವು ಸುಳ್ಳುಗಳು ಎಷ್ಟು ಒಳ್ಳೆಯವು ಎಂದು ಅನ್ನಿಸಿತು; ಯಾರಿಗೂ ನೋವಿಲ್ಲ, ಮೇಲಾಗಿ ಉಪಚಾರ. ಫೋಟೋಗಳನ್ನು ರಾತ್ರಿ ಅಳಿಸಿಬಿಟ್ಟರಾಯಿತು.

ಆಗ ಸರಳಾಳ ಫೋನು ರಿಂಗಾಯಿತು. ಆನ್ ಆರ್ಬರ್‌ನಲ್ಲಿ ಓದುತ್ತಿರುವ ಮಗಳು ನಿಹಾರಿಕಾ. ಅಪ್ಪನೂ ಕೇಳಲಿ ಎಂದು ಸರಳಾ ಸ್ಪೀಕರಿಗೆ ಹಾಕಿದಳು.

"ಅಮ್ಮಾ, ದಟ್ ಫ್ಲೋರ್ ಈಸ್ ಅನ್‌ರಿಯಲ್," ಎಂದಿತು ಮಗಳ ದನಿ. "ಅಪ್ಪಂದು ಫೋಟೋಸ್ ಎಲ್ಲಾ ಬಂತು. ಐ ಲವ್ ದ ವುಲ್ಫ್. ಆರ್ ಯೂ ಕ್ರೈಯಿಂಗ್? ಐ ನ್ಯೂ ಯೂ ವುಡ್ ಕ್ರೈ."

ಮನೆಯಲ್ಲಿ ಯಾರ ಫೋನಿನಲ್ಲಿ ಫೋಟೋ ತೆಗೆದರೂ ಅದು ತಾನಾಗಿಯೇ ಎಲ್ಲರ ಫೋನಿಗೂ ಹೋಗುವ ಏರ್ಪಾಡೊಂದಿತ್ತು. ಅದನ್ನು ಮಾಡಿಕೊಟ್ಟವನು ತಿರುಮಲೇಶನೇ. ಅದು ಕೆಲಸ ಮಾಡುವುದಿಲ್ಲ ಎಂದು ಸರಳಾ ಅಂದಾಗಲೆಲ್ಲ, ಮಾಡೇ ಮಾಡುತ್ತದೆ ಎಂದು ವಾದಿಸಿದವನೂ ಅವನೇ.

ಸರಳಾ ಮಗಳಿಗೆ ಆಮೇಲೆ ಮಾತಾಡುತ್ತೇನೆ ಎಂದು ಹೇಳಿ, ಫೋನಿನಲ್ಲಿ ಫೋಟೋಗಳನ್ನು ತೆರೆದಳು. ತೋಳ. ಆನೆ. ಅಂಚು. ಒಂದನ್ನೂ ಬಿಡದೆ, ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. ತಿರುಮಲೇಶ ಬಾಯಲ್ಲಿದ್ದ ರೊಟ್ಟಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದ. ಮಲ್ಲಮ್ಮನವರು ಮೆಲ್ಲಗೆ ಕೈಚಾಚಿ ಅವನ ಕೈಯಲ್ಲಿದ್ದ ಉಳಿದರ್ಧ ರೊಟ್ಟಿಯನ್ನು ವಾಪಸು ತೆಗೆದುಕೊಂಡರು.

ಕಾಗದಪತ್ರ ಮುಗಿಸಿದ ಪೊಲೀಸಿನವಳು ಬಂದು ಕಾರಿನ ಕೀಲಿಯನ್ನು ಅವನ ಕೈಗಿಟ್ಟಳು. ಈ ಅಂಗಳದಿಂದ ಕಾರಿಗೆ ಬೇರೆ ದಾರಿಯಿಲ್ಲ, ಬಂದ ಸಂದಿಯಲ್ಲೇ, ಹಿಂದಹಿಂದಕ್ಕೆ, ಹೋಗಬೇಕು ಎಂದಳು. ಡಾಕ್ಟರು ಎಣ್ಣೆ ಇನ್ನೂ ಅರ್ಧ ಡಬ್ಬಿ ಐತಿ ಎಂದು ಧೈರ್ಯ ಹೇಳಿ, ಹೆಂಡತಿಯ ಕೈಹಿಡಿದು ನಡೆದೇ ಹೊರಟರು. ತಿರುಮಲೇಶ ಸರಳಾಳತ್ತ ನೋಡಿದ. ಹಿಂದೆ ನಿಂತು ದಾರಿ ಹೇಳಲು ಒಬ್ಬರಾದರೂ ಬೇಕಿತ್ತು.

ಅವಳು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡಳು.

"ನಾನು ಕೋಟೆ ಬಾಗಿಲಲ್ಲಿ ಇರ್ತೀನಿ, ನೀವು ನಿಧಾನಕ್ಕೆ ಬನ್ನಿ," ಎಂದಳು. "ಸಿಕ್ಕಾಕೊಂಡ್ರೆ ಒಂದು ಫೋಟೋ ತೆಗೀರಿ. ಅಲ್ಲಿಂದಾನೇ ನೋಡ್ತೀನಿ."